ಒಲೆ, ದೀಪ ಮತ್ತು ಪರಿಮಾಣ: ಬಯಲುಸೀಮೆಯ ಇಂಧನ ಚರಿತ್ರೆಯ ಕೆಲವು ಪುಟಗಳು

ಬಾಬಾಬುಡನ್ ಗಿರಿಶ್ರೇಣಿಯ ಪೂರ್ವದಲ್ಲಿ, ಮಳೆಯ ನೆರಳಿನಲ್ಲಿ ಹರಡಿಕೊಂಡಿರುವ ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಯು ಒಂದೇ ಜಿಲ್ಲೆಯೊಳಗೆ ಎರಡು ಲೋಕಗಳನ್ನು ಇರಿಸಿಕೊಂಡಿದೆ. ಪಶ್ಚಿಮದ ಅಂಚಿನಲ್ಲಿ ಕೆಮ್ಮಣ್ಣುಗುಂಡಿಯ ದಟ್ಟಕಾಡು. ಇತ್ತ ಚೌಳಹಿರಿಯೂರಿನಂತಹ ಬಯಲಿನ ಊರುಗಳಲ್ಲಿ ರಾಗಿ, ತೆಂಗು, ಬೇಲಿಸಾಲಿನ ಜಾಲಿ. ಮಲೆನಾಡಿನವರಿಗೆ ಸೌದೆಯೆಂದರೆ ಹಿತ್ತಲಿನ ವಸ್ತು. ಬಯಲಿನವರಿಗೆ ಅದು ದಿನದಿನವೂ ಹೊಂದಿಸಬೇಕಾದ ಪದಾರ್ಥ. ತೆಂಗಿನ ಗರಿ, ಮಟ್ಟೆ, ಕರಟ, ತೊಗರಿಕಡ್ಡಿ, ಬೆರಣಿ, ಮುಳ್ಳುಕಂಟಿ ಇವುಗಳಿಂದಲೇ ಒಲೆ ಉರಿಯಬೇಕು. ಇವುಗಳನ್ನು ಆಯ್ದು ತರುವ ಹೊಣೆ ಮನೆಯ ಹೆಂಗಸರ ಮತ್ತು ಮಕ್ಕಳ ತಲೆಯ ಮೇಲೆಯೇ ಇರಬೇಕು. ಇದು ತಲೆತಲಾಂತರದ ರೂಢಿ.

ಇತ್ತೀಚೆಗೆ "ಶುದ್ಧ ಇಂಧನ", "ಇಂಧನ ಉಳಿತಾಯ" ಎಂಬ ಮಾತುಗಳು ಸರ್ಕಾರದ ಪ್ರಕಟಣೆಗಳಿಂದ ಶಾಲೆಯ ಪಠ್ಯದವರೆಗೂ ಕೇಳಿಬರುತ್ತಿವೆ. ಇವು ಹೊರಗಿನಿಂದ ಬಂದ ಹೊಸ ವಿಚಾರಗಳೆಂಬ ಭಾವನೆ ಹಲವರಲ್ಲಿದೆ. ಆದರೆ ಕರ್ನಾಟಕದ, ಅದರಲ್ಲಿಯೂ ಇದೇ ಬಯಲುಸೀಮೆಯ ಹಳ್ಳಿಗಳ ಚರಿತ್ರೆಯನ್ನು ನೋಡಿದರೆ, ಭಾರತದಲ್ಲಿ ಈ ವಿಷಯವನ್ನು ಮೊದಲು ಲೆಕ್ಕಹಾಕಿ ನೋಡಿದ ನೆಲಗಳಲ್ಲಿ ಇದೂ ಒಂದೆಂಬುದು ತಿಳಿಯುತ್ತದೆ. ಆ ಚರಿತ್ರೆಯಲ್ಲಿ ಗೆಲುವೂ ಇದೆ, ಸೋಲೂ ಇದೆ. ಎರಡನ್ನೂ ಅರಿಯುವುದು ಇಂದಿನ ಗೃಹಸ್ಥರಿಗೂ ಬಸದಿಗಳ ಆಡಳಿತ ನೋಡಿಕೊಳ್ಳುವವರಿಗೂ ಉಪಯುಕ್ತ.

ಮಿತಿಯ ಹಳೆಯ ಪಾಠ

ಕಡೂರಿನ ಕ್ರಿ.ಶ. 971ರ ಶಾಸನವೊಂದು ಗಂಗ ದೊರೆ ಬೂತುಗನ ಅಕ್ಕ ಪಾಂಬಬ್ಬೆಯು ಅರಮನೆಯ ಸುಖವನ್ನು ತೊರೆದು, ಕೇಶಲೋಚ ಮಾಡಿಕೊಂಡು, 30 ವರ್ಷ ತಪಸ್ಸನ್ನಾಚರಿಸಿ ದೇಹತ್ಯಾಗ ಮಾಡಿದುದನ್ನು ಸ್ಮರಿಸುತ್ತದೆ. ಎಲ್ಲವೂ ದೊರೆಯುವ ಸ್ಥಿತಿಯಲ್ಲಿದ್ದವಳು ಸಾಕೆಂದಳು ಎಂಬುದೇ ಆ ಕಲ್ಲಿನ ತಾತ್ಪರ್ಯ. ಅಂತಹ ಸಂಪೂರ್ಣ ತ್ಯಾಗವು ಗೃಹಸ್ಥನಿಗೆ ಸಾಧ್ಯವಾಗದೆಂಬುದನ್ನು ಅರಿತೇ ಆಚಾರ್ಯರು ಅವನಿಗೆ ಅಣುವ್ರತ, ಗುಣವ್ರತಗಳನ್ನು ವಿಧಿಸಿದರು.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಗುಣವ್ರತಗಳಲ್ಲಿ ಅನರ್ಥದಂಡ ವ್ರತವನ್ನು ಹೇಳುವಾಗ ಅದರ ಐದು ಭೇದಗಳನ್ನು ಎಣಿಸುತ್ತದೆ. ಅವುಗಳಲ್ಲಿ ಕೊನೆಯದು ಪ್ರಮಾದಚರ್ಯೆ. ಪ್ರಯೋಜನವಿಲ್ಲದೆ ಭೂಮಿಯನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿಯನ್ನು ಉರಿಸುವುದು, ಗಾಳಿಯನ್ನು ಕಲಕುವುದು, ಸಸ್ಯಗಳನ್ನು ಕಡಿಯುವುದು ಇವೆಲ್ಲ ಅದರಲ್ಲಿ ಸೇರುತ್ತವೆ. ಇಲ್ಲಿ ಗಮನಿಸಬೇಕಾದ ಪದ "ಪ್ರಯೋಜನವಿಲ್ಲದೆ" ಎಂಬುದು. ಒಲೆ ಹಚ್ಚಬೇಡ ಎಂದು ಗೃಹಸ್ಥನಿಗೆ ಯಾರೂ ಹೇಳಲಿಲ್ಲ. ಅಡುಗೆ ಮುಗಿದ ಮೇಲೂ ಉರಿಯುವ ಒಲೆ ಯಾರ ಸಲುವಾಗಿ ಎಂದು ಕೇಳಿದರು. ಅದೇ ಗ್ರಂಥವು ಭೋಗೋಪಭೋಗ ಪರಿಮಾಣವನ್ನು ಹೇಳುತ್ತ, ಜೀವನಪರ್ಯಂತದ ಮಿತಿಯನ್ನು ಯಮವೆಂದೂ, ಗೊತ್ತಾದ ಕಾಲಾವಧಿಯ ಮಿತಿಯನ್ನು ನಿಯಮವೆಂದೂ ಬೇರ್ಪಡಿಸುತ್ತದೆ. ಒಂದು ದಿನ, ಒಂದು ಪಕ್ಷ, ಒಂದು ತಿಂಗಳು, ಹೀಗೆ ಅಳತೆಯಿಟ್ಟುಕೊಂಡು ಬಳಕೆಯನ್ನು ತಗ್ಗಿಸುವ ಪದ್ಧತಿ ಅದು. ವ್ಯಾಪಾರಿಯ ಮನಸ್ಸಿಗೆ ಸುಲಭವಾಗಿ ಹಿಡಿಯುವ ಮಾತು. ಏಕೆಂದರೆ ಅಳತೆ ಇಲ್ಲದ ಸಂಯಮವು ಲೆಕ್ಕವಿಲ್ಲದ ಅಂಗಡಿಯಂತೆ, ಲಾಭವೋ ನಷ್ಟವೋ ಎಂದಿಗೂ ಗೊತ್ತಾಗುವುದಿಲ್ಲ.

ಕಾಡು ಕುಲುಮೆಗೆ ಹೋದ ಕಾಲ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನವು ವಿದ್ಯುತ್ತಿನ ವಿಷಯದಲ್ಲಿ ದೇಶಕ್ಕೇ ಮುಂದಾಳಾಗಿತ್ತು. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ವಿದ್ಯುದ್ದೀಪಗಳನ್ನು ಕಂಡವು. ಆದರೆ ಅದೇ ಕಾಲದ ಇನ್ನೊಂದು ಸಾಧನೆಯು ಈ ಸೀಮೆಯ ಕಾಡಿನ ಪಾಲಿಗೆ ಬೇರೆಯೇ ಆಗಿತ್ತು.

1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿತು. ಅದಿರು ಬಂದದ್ದು ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯಿಂದ. ಬೆಟ್ಟದ ಮೇಲಿನಿಂದ ತಣಿಗೆಬೈಲಿಗೆ ತೂಗುಹಗ್ಗದ ದಾರಿಯಲ್ಲಿ ಇಳಿದು ಬರುತ್ತಿತ್ತು. ಹತ್ತಿರದಲ್ಲಿ ಕಲ್ಲಿದ್ದಲು ಇಲ್ಲದ ಕಾರಣ ಕುಲುಮೆಗೆ ಇದ್ದಿಲನ್ನೇ ಹಾಕಬೇಕಾಯಿತು. ಅದಕ್ಕಾಗಿ ಸುತ್ತಲಿನ ಅರಣ್ಯದ ಮರ ಕಡಿದು, ಮರವನ್ನು ಬಟ್ಟಿಯಿಳಿಸುವ ದೊಡ್ಡ ಘಟಕವನ್ನೇ ಸ್ಥಾಪಿಸಲಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರ ದಕ್ಷತೆಯಿಂದ ಕಾರ್ಖಾನೆ ಉಳಿಯಿತು, ಸಾವಿರಾರು ಜನರಿಗೆ ಅನ್ನ ದೊರೆಯಿತು. ಇದನ್ನು ಅಲ್ಲಗಳೆಯುವಂತಿಲ್ಲ. ಆದರೆ ಇದ್ದಿಲಿನ ಹಸಿವಿಗೆ ಕೊನೆಯಿರಲಿಲ್ಲ. ಜೋಗದ ಜಲವಿದ್ಯುತ್ ದೊರೆತ ಬಳಿಕ, 1950ರ ದಶಕದಲ್ಲಿ ವಿದ್ಯುತ್ ಕುಲುಮೆಗಳು ಬಂದುವು.

ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವು ಶ್ರಾವಕನಿಗೆ ಸಲ್ಲದ ಹದಿನೈದು ಉದ್ಯೋಗಗಳನ್ನು ಪಟ್ಟಿ ಮಾಡುವಾಗ ಮೊದಲಿಗೇ ಅಂಗಾರಕರ್ಮ, ಅಂದರೆ ಇದ್ದಿಲು ಸುಡುವಿಕೆಯಂತಹ ಬೆಂಕಿಯ ಕಸುಬುಗಳನ್ನೂ, ಅನಂತರ ವನಕರ್ಮವನ್ನೂ ಹೇಳುತ್ತದೆ. ಹನ್ನೆರಡನೆಯ ಶತಮಾನದ ಈ ಮಾತು ಕೇವಲ ಕೀಟಗಳ ಮೇಲಿನ ದಯೆಯಿಂದ ಹುಟ್ಟಿದುದೆಂದು ಕೆಲವರು ಭಾವಿಸುತ್ತಾರೆ. ಒಂದು ಕಸುಬು ತನ್ನ ಮೂಲಧನವನ್ನೇ ತಿಂದು ಬದುಕುವುದಾದರೆ ಅದು ವ್ಯಾಪಾರವಲ್ಲ, ಕ್ಷಯ ಎಂಬ ಅರ್ಥವೂ ಅದರಲ್ಲಿದೆ. ಕಾಡಿನ ವರ್ಷದ ಬೆಳವಣಿಗೆಯು ಬಡ್ಡಿ, ಕಾಡೇ ಅಸಲು. ಬಡ್ಡಿ ಸಾಲದೆ ಅಸಲಿಗೆ ಕೈಹಾಕಿದವರ ಗತಿ ಯಾವ ಪೇಟೆಯಲ್ಲಾದರೂ ಒಂದೇ.

ಜಲವಿದ್ಯುತ್ತಿನಿಂದ ಇದ್ದಿಲಿನ ಪಾಪ ಕಳೆಯಿತೆಂದೂ ನಿಶ್ಚಿಂತರಾಗುವಂತಿಲ್ಲ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಯು ಶರಾವತಿ ಕಣಿವೆಯ ಊರುಗಳನ್ನೂ ಕಾಡನ್ನೂ ಮುಳುಗಿಸಿತು. ಬಯಲಿನ ಮನೆಯೊಂದರಲ್ಲಿ ಬೆಳಗುವ ದೀಪದ ಹಿಂದೆ ಎಲ್ಲಿಯೋ ಒಕ್ಕಲೆದ್ದ ಮನೆಯೊಂದಿದೆ ಎಂಬುದು ನಾಡಿನ ವಿದ್ಯುತ್ ಚರಿತ್ರೆಯ ಕಹಿ ಸತ್ಯ.

ಉಂಗ್ರದಲ್ಲಿ ಆರಂಭವಾದ ಲೆಕ್ಕ

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕ ಅಮೂಲ್ಯ ಕೆ. ಎನ್. ರೆಡ್ಡಿಯವರ ಮುಂದಾಳ್ತನದಲ್ಲಿ "ಅಸ್ತ್ರ" ಎಂಬ ಕೇಂದ್ರ ಹುಟ್ಟಿತು. ವಿಜ್ಞಾನವನ್ನು ಗ್ರಾಮೀಣ ಪ್ರದೇಶಗಳಿಗೆ ಅನ್ವಯಿಸುವುದು ಅದರ ಗುರಿ. ರೆಡ್ಡಿಯವರು ವಿದ್ಯುದ್ರಸಾಯನ ಶಾಸ್ತ್ರದಲ್ಲಿ ಹೆಸರಾದ ವಿದ್ವಾಂಸರು. ಪ್ರಯೋಗಶಾಲೆಯ ಗೌರವವನ್ನು ಬಿಟ್ಟು ಒಲೆಯ ಮುಂದೆ ಕುಳಿತರು. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಅಸ್ತ್ರದ ವಿಸ್ತರಣಾ ಕೇಂದ್ರ ನಿಂತಿತು. ಕಡೂರಿನ ಬಯಲಿಗೂ ಕುಣಿಗಲ್ಲಿನ ಬಯಲಿಗೂ ಬದುಕಿನ ರೀತಿಯಲ್ಲಿ ಹೆಚ್ಚು ಅಂತರವಿಲ್ಲ; ಅಲ್ಲಿ ಕಂಡುದು ಇಲ್ಲಿಗೂ ಸಲ್ಲುತ್ತದೆ.

ಅಸ್ತ್ರದವರು ಮಾಡಿದ ಮೊದಲ ಕೆಲಸ ಉಪದೇಶವಲ್ಲ, ಎಣಿಕೆ. ಉಂಗ್ರದ ಸುತ್ತಲಿನ ಹಳ್ಳಿಗಳಲ್ಲಿ ಯಾವ ಶಕ್ತಿ ಎಲ್ಲಿಂದ ಬರುತ್ತದೆ, ಯಾವುದಕ್ಕೆ ವ್ಯಯವಾಗುತ್ತದೆ, ಯಾರು ಎಷ್ಟು ಹೊತ್ತು ದುಡಿಯುತ್ತಾರೆ ಎಂದು ಮನೆಮನೆಯಲ್ಲಿ ದಾಖಲೆ ಮಾಡಿದರು. ಪುರ ಎಂಬ ಹಳ್ಳಿಯಲ್ಲಿ ಶಕ್ತಿಯ ಬಹುಪಾಲು ಸೌದೆಯಿಂದಲೇ ಬರುತ್ತಿತ್ತು. ಎರಡನೆಯ ಸ್ಥಾನ ಮನುಷ್ಯರ ಮೈದುಡಿಮೆಗೆ. ಸೀಮೆಎಣ್ಣೆ, ಎತ್ತು, ವಿದ್ಯುತ್ತು ಅವುಗಳ ಹಿಂದೆ. ಊರಿಗೆ ಕಂಬ ಬಂದಿದ್ದರೂ ವಿದ್ಯುತ್ತಿನ ಪಾಲು ಎಲ್ಲಕ್ಕಿಂತ ಕಡಿಮೆ. ಸೌದೆಯಲ್ಲಿ ಹೆಚ್ಚಿನದು ಅಡುಗೆಗೂ ಸ್ನಾನದ ನೀರಿಗೂ ಹೋಗುತ್ತಿತ್ತು. ಸೌದೆ, ನೀರು, ಅಡುಗೆ ಈ ಮೂರರ ಭಾರ ಬಹುಮಟ್ಟಿಗೆ ಹೆಂಗಸರ ಮತ್ತು ಮಕ್ಕಳ ಪಾಲಿಗೆ ಬಂದಿತ್ತು. ದೇಶದ ಇಂಧನ ಸಮಸ್ಯೆಯೆಂದರೆ ಪೆಟ್ರೋಲು, ಕಲ್ಲಿದ್ದಲು ಎಂದು ರಾಜಧಾನಿಗಳಲ್ಲಿ ಚರ್ಚೆ ನಡೆಯುತ್ತಿದ್ದಾಗ, ನಿಜವಾದ ಸಮಸ್ಯೆ ಅಡುಗೆಮನೆಯಲ್ಲಿದೆ ಎಂದು ಈ ಲೆಕ್ಕ ತೋರಿಸಿತು.

ಎಣಿಕೆಯಿಂದಲೇ ಅಸ್ತ್ರ ಒಲೆ ಹುಟ್ಟಿತು. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದ ಹತ್ತನೆಯ ಒಂದು ಭಾಗದಷ್ಟು ಮಾತ್ರ ಪಾತ್ರೆಗೆ ತಲುಪುತ್ತದೆ; ಉಳಿದುದು ಗಾಳಿಗೆ. ಕೆ. ಎಸ್. ಜಗದೀಶ್, ಎಸ್. ಎಸ್. ಲೋಕ್ರಾಸ್ ಮೊದಲಾದವರು ರೂಪಿಸಿದ ಹೊಸ ಒಲೆಯಲ್ಲಿ ಬೆಂಕಿ ಮುಚ್ಚಿದ ಗೂಡಿನೊಳಗೆ ಉರಿಯುತ್ತದೆ. ಬಿಸಿಗಾಳಿಯು ಒಂದರ ಹಿಂದೊಂದರಂತೆ ಮೂರು ಪಾತ್ರೆಗಳನ್ನು ಮುಟ್ಟಿ, ಕೊನೆಗೆ ಹೊಗೆಕೊಳವೆಯ ಮೂಲಕ ಹೊರಹೋಗುತ್ತದೆ. ಸೌದೆ ಸುಮಾರು ಅರ್ಧಕ್ಕೆ ಇಳಿಯಿತು. ಅಡುಗೆಮನೆಯ ಹೊಗೆ ಮಾಡಿನ ಮೇಲೆ ಹೋಯಿತು. ಮೂರನೆಯ ಪಾತ್ರೆಯಲ್ಲಿ ಬೇರೆ ಸೌದೆಯಿಲ್ಲದೆ ನೀರು ಕಾಯುತ್ತದೆ. ಕುದಿಸಿದ ನೀರನ್ನೇ ಬಳಸುವ ವ್ರತಿಕರ ಮನೆಗಳಿಗೆ ಇದರ ಬೆಲೆ ಎಷ್ಟೆಂದು ಹೇಳಬೇಕಾಗಿಲ್ಲ. ಒಲೆಯ ಹೊಗೆಯನ್ನು ಹಗುರವಾಗಿ ಕಾಣುವವರು ಒಂದಂಶವನ್ನು ನೆನಪಿಡಬೇಕು: ಮನೆಯೊಳಗಿನ ಹೊಗೆಯಿಂದಾಗಿ 2020ರ ಒಂದೇ ವರ್ಷ ಜಗತ್ತಿನಲ್ಲಿ ಸುಮಾರು 32 ಲಕ್ಷ ಮಂದಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ.

ಪುರದ ಸೋಲು, ಪುರದ ಗೆಲುವು

ಅಸ್ತ್ರದ ಚರಿತ್ರೆಯಲ್ಲಿ ಅತ್ಯಂತ ಬೋಧಪ್ರದವಾದುದು ಪುರದ ಸಮುದಾಯ ಗೋಬರ್ ಗ್ಯಾಸ್ ಸ್ಥಾವರದ ಕಥೆ. ಒಂದೊಂದು ಮನೆಗೆ ಒಂದೊಂದು ಸ್ಥಾವರ ಕಟ್ಟಿದರೆ ದನವಿದ್ದವನಿಗೆ ಮಾತ್ರ ಪ್ರಯೋಜನ. ದನವಿಲ್ಲದ ಬಡವನಿಗೆ ಹಿಂದೆ ಪುಕ್ಕಟೆ ಸಿಗುತ್ತಿದ್ದ ಸಗಣಿಯೂ ತಪ್ಪುತ್ತದೆ. ಆದುದರಿಂದ ಊರಿಗೆಲ್ಲ ಸೇರಿ ಒಂದೇ ಸ್ಥಾವರ ಎಂಬ ಯೋಚನೆ ಬಂದಿತು.

ಮೊದಲು ಎಲ್ಲರ ಮನೆಗೂ ಅಡುಗೆಯ ಅನಿಲ ಕೊಡುವ ಉದ್ದೇಶವಿತ್ತು. ಅದು ಕೈಗೂಡಲಿಲ್ಲ. ಎಲ್ಲ ಮನೆಗಳ ಅಡುಗೆಗೂ ಸಾಕಾಗುವಷ್ಟು ಸಗಣಿ ಊರಿನಲ್ಲಿ ಸಂಗ್ರಹವಾಗಲಿಲ್ಲ. ಅರೆಬೆಂದ ಅಡುಗೆಯಿಂದ ಯಾವ ಮನೆ ತೃಪ್ತಿಪಡುತ್ತದೆ? ಜನರ ಉತ್ಸಾಹ ಇಳಿಯಿತು. ಇಂತಹ ಸಂದರ್ಭದಲ್ಲಿ ಅನೇಕ ಯೋಜನೆಗಳು ವರದಿಯಲ್ಲಿ ಯಶಸ್ವಿಯೆಂದು ದಾಖಲಾಗಿ, ಊರಿನಲ್ಲಿ ಪಾಳುಬೀಳುತ್ತವೆ. ಅಸ್ತ್ರದವರು ಹಾಗೆ ಮಾಡದೆ ಸೋಲನ್ನು ಒಪ್ಪಿ, ಊರವರಿಗೆ ನಿಜವಾಗಿ ಬೇಕಾದುದೇನೆಂದು ಕೇಳಿದರು. ಉತ್ತರ ಬಂದುದು: ಕುಡಿಯುವ ನೀರು. ನೀರೆತ್ತಲು ವಿದ್ಯುತ್ ಬೇಕು. ವಿದ್ಯುತ್ತಿಗೆ ಅಡುಗೆಯಷ್ಟು ಅನಿಲ ಬೇಡ.

1987ರಲ್ಲಿ ಹೊಸ ವ್ಯವಸ್ಥೆ ಆರಂಭವಾಯಿತು. ದಿನಕ್ಕೆ ಸುಮಾರು ಒಂದೂಕಾಲು ಟನ್ ಸಗಣಿಯಿಂದ ಸುಮಾರು 42 ಘನ ಮೀಟರ್ ಅನಿಲ ಪಡೆಯುವ ಸಾಮರ್ಥ್ಯ ಅದಕ್ಕಿತ್ತು. ಆ ಅನಿಲವನ್ನು ಸ್ವಲ್ಪ ಡೀಸೆಲ್ಲಿನೊಂದಿಗೆ ಸಣ್ಣ ಎಂಜಿನ್ನಿನಲ್ಲಿ ಉರಿಸಿ, 5 ಕೆವಿಎ ಜನರೇಟರಿನಿಂದ ಕೊಳವೆಬಾವಿಯ ನೀರನ್ನೆತ್ತಿ, ಸಂಜೆ ಮನೆಗಳಿಗೆ ಟ್ಯೂಬ್‌ಲೈಟ್ ಬೆಳಗಿಸಿದರು. ಸಗಣಿ ತಂದುಕೊಟ್ಟವರಿಗೆ ಕಿಲೋಗೆ ಎರಡು ಪೈಸೆ ಕೂಲಿ. ಆ ಹಣದ ಹೆಚ್ಚಿನ ಭಾಗ ಹೆಂಗಸರ ಕೈ ಸೇರಿತು. ಅನಿಲ ತೆಗೆದ ಮೇಲೆ ಉಳಿದ ಗೊಬ್ಬರವನ್ನು ಮರಳಿನ ಹಾಸಿನ ಮೇಲೆ ಬಸಿದು, ಸಗಣಿ ಕೊಟ್ಟವರಿಗೇ ಹಿಂದಿರುಗಿಸುತ್ತಿದ್ದರು. ಸ್ಥಾವರ ನಡೆಸಲು ಊರಿನ ತರುಣರನ್ನೇ ತರಬೇತಿಗೊಳಿಸಿದರು. ಆಡಳಿತಕ್ಕೆ ಗ್ರಾಮ ವಿಕಾಸ ಸಭೆ ಇತ್ತು. ದೀಪಕ್ಕೂ ನೀರಿಗೂ ಪ್ರತಿ ಮನೆಯೂ ಶುಲ್ಕ ಕೊಡಬೇಕು, ಕೊಡದಿದ್ದರೆ ಊರೇ ಕೇಳುತ್ತದೆ.

ಈ ವ್ಯವಸ್ಥೆಯ ಗುಟ್ಟು ಎಂಜಿನ್ನಿನಲ್ಲಿರಲಿಲ್ಲ. ಒಬ್ಬರು ಸಗಣಿ ಕೊಡುವುದನ್ನು ನಿಲ್ಲಿಸಿದರೆ ಇನ್ನೊಬ್ಬರ ಮನೆಯಲ್ಲಿ ದೀಪ ಮಂಕಾಗುತ್ತದೆ, ಎಲ್ಲರೂ ನಿಲ್ಲಿಸಿದರೆ ಎಲ್ಲರ ಮನೆಯೂ ಕತ್ತಲು ಎಂಬ ಅರಿವು ಅದನ್ನು ನಡೆಸಿತು. ತತ್ತ್ವಾರ್ಥಸೂತ್ರವು ಹೇಳುವ ಜೀವಗಳ ಪರಸ್ಪರೋಪಕಾರಕ್ಕೆ ಇದಕ್ಕಿಂತ ಸರಳ ಉದಾಹರಣೆ ಸಿಗಲಾರದು. 1990ರ ದಶಕ ಕಳೆದಂತೆ ಪುರದ ಸ್ಥಾವರ ನಿಂತುಹೋಯಿತು. ಅದರ ಕಾಲ ಮುಗಿಯಿತು. ಆದರೆ ಸುಮಾರು ಒಂದು ದಶಕ ಬಡ ಹಳ್ಳಿಯೊಂದು ತನ್ನ ಬೆಳಕನ್ನು ತಾನೇ ಉತ್ಪಾದಿಸಿ, ತಾನೇ ಲೆಕ್ಕವಿಟ್ಟು ನಡೆಸಿತೆಂಬುದು ಅಳಿಸಲಾಗದ ದಾಖಲೆ. ಅದೇ ಜಿಲ್ಲೆಯ ಹೊಸಹಳ್ಳಿಯಲ್ಲಿ 1988ರಿಂದ ಮರದ ತುಂಡುಗಳ ಅನಿಲದಿಂದ ವಿದ್ಯುತ್ ಪಡೆದ ಪ್ರಯೋಗವೂ ಇದೇ ಕುಟುಂಬಕ್ಕೆ ಸೇರಿದುದು.

ಬೇಡಿಕೆಯನ್ನೇ ಪ್ರಶ್ನಿಸಿದ ವರದಿ

1987ರಲ್ಲಿ ಕರ್ನಾಟಕದ ವಿದ್ಯುತ್ ಯೋಜನೆಗಳಿಗೆ ದೀರ್ಘಾವಧಿಯ ನಕ್ಷೆ ಹಾಕಲು ನೇಮಕವಾಗಿದ್ದ ಸಮಿತಿಯು 2000ದ ವೇಳೆಗೆ ರಾಜ್ಯಕ್ಕೆ ವರ್ಷಕ್ಕೆ ಸುಮಾರು 4,750 ಕೋಟಿ ಯೂನಿಟ್ ಬೇಕಾದೀತೆಂದು ಅಂದಾಜಿಸಿತು. ಅಷ್ಟಕ್ಕೆ ಬೇಕಾದ ಬಂಡವಾಳ ರಾಜ್ಯದ ಬಳಿ ಇರಲಿಲ್ಲ. ರೆಡ್ಡಿಯವರೂ ಅವರ ಸಹೋದ್ಯೋಗಿಗಳೂ ಬೇರೊಂದು ಪ್ರಶ್ನೆ ಕೇಳಿದರು: ಜನರಿಗೆ ಬೇಕಾದುದು ಯೂನಿಟ್ಟುಗಳೋ, ಅಥವಾ ಬೆಳಕು, ಬಿಸಿನೀರು, ಹೊಲಕ್ಕೆ ನೀರು ಇವುಗಳೋ? ಹಳೆಯ ಬಲ್ಬಿಗೆ ಬದಲು ಉತ್ತಮ ದೀಪ, ವಿದ್ಯುತ್ ಗೀಸರಿಗೆ ಬದಲು ಸೌರ ಹಂಡೆ, ಸರಿಯಾದ ಪಂಪುಸೆಟ್ಟು, ಇವುಗಳನ್ನು ಅಳವಡಿಸಿಕೊಂಡರೆ ಎಲ್ಲ ಮನೆಗಳಿಗೂ ದೀಪ ಕೊಟ್ಟ ಮೇಲೂ ಸುಮಾರು 1,790 ಕೋಟಿ ಯೂನಿಟ್ ಸಾಕೆಂದು ಅವರು ತೋರಿಸಿದರು. ಅಂದರೆ ಸಮಿತಿಯ ಅಂದಾಜಿನ ಐದರಲ್ಲಿ ಎರಡು ಪಾಲಿಗೂ ಕಡಿಮೆ.

ಈ ಲೆಕ್ಕವನ್ನು ಒಪ್ಪದವರೂ ಇದ್ದರು. ಆದರೆ ಅದರ ತತ್ತ್ವ ಮುಂದೆ ಒಂದೊಂದಾಗಿ ಜಾರಿಗೆ ಬಂದಿತು. 2007ರಲ್ಲಿ ರಾಜ್ಯ ಸರ್ಕಾರವು ನಿಗದಿತ ಅಳತೆಯ ಹೊಸ ಕಟ್ಟಡಗಳಿಗೆ ಸೌರ ಜಲತಾಪಕವನ್ನು ಕಡ್ಡಾಯ ಮಾಡಿತು. 2015ರ ಕೊನೆಯಲ್ಲಿ "ಹೊಸ ಬೆಳಕು" ಯೋಜನೆಯಡಿ ಎಲ್‌ಇಡಿ ಬಲ್ಬುಗಳ ವಿತರಣೆ ಆರಂಭವಾಯಿತು. ಅಮೂಲ್ಯ ರೆಡ್ಡಿಯವರು 2006ರಲ್ಲಿಯೇ ತೀರಿಕೊಂಡಿದ್ದರು.

ಧರ್ಮಸ್ಥಳದ ದಾರಿ

ವಿಜ್ಞಾನಿಗಳು ತೋರಿಸಿದ ದಾರಿಯಲ್ಲಿ ಸಾಮಾನ್ಯರನ್ನು ನಡೆಸಲು ಬೇರೊಂದು ಶಕ್ತಿ ಬೇಕಾಗಿತ್ತು. ಅದು ದೊರೆತುದು ಜೈನ ಮನೆತನವೊಂದು ತಲೆಮಾರುಗಳಿಂದ ನಡೆಸಿಕೊಂಡು ಬಂದಿರುವ ಕ್ಷೇತ್ರದಲ್ಲಿ. 1968ರಲ್ಲಿ ಧರ್ಮಸ್ಥಳದ ಧರ್ಮಾಧಿಕಾರಿಗಳಾಗಿ ಪಟ್ಟವೇರಿದ ಡಾ. ಡಿ. ವೀರೇಂದ್ರ ಹೆಗ್ಗಡೆಯವರು 1982ರಲ್ಲಿ, ರತ್ನಗಿರಿಯಲ್ಲಿ 39 ಅಡಿಯ ಬಾಹುಬಲಿ ಮೂರ್ತಿಯ ಪ್ರತಿಷ್ಠೆಯಾದ ವರ್ಷದಲ್ಲಿಯೇ, ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯನ್ನು ಬೆಳ್ತಂಗಡಿ ತಾಲ್ಲೂಕಿನಲ್ಲಿ ಆರಂಭಿಸಿದರು. ಎಲ್ಲವನ್ನೂ ತ್ಯಜಿಸಿ ನಿಂತ ಮೂರ್ತಿಯ ಜೊತೆಯಲ್ಲಿ ಏನೂ ಇಲ್ಲದವರ ಕೆಲಸವೂ ಮೊದಲಾದುದು ಅರ್ಥವತ್ತಾದ ಸಂಗತಿ.

ಯೋಜನೆಯ ತಳಹದಿ "ಪ್ರಗತಿಬಂಧು" ಗುಂಪುಗಳು. ಐದೆಂಟು ಮಂದಿ ಸಣ್ಣ ರೈತರು ಸೇರಿ, ವಾರಕ್ಕೊಂದು ದಿನ ಒಬ್ಬರ ಹೊಲದಲ್ಲಿ ಎಲ್ಲರೂ ಮುಯ್ಯಾಳಾಗಿ ದುಡಿಯುತ್ತಾರೆ. ಜೊತೆಗೆ ಉಳಿತಾಯ ಮಾಡುತ್ತಾರೆ. ಮಹಿಳೆಯರಿಗಾಗಿ ಶ್ರೀಮತಿ ಹೇಮಾವತಿ ವಿ. ಹೆಗ್ಗಡೆಯವರ ಮಾರ್ಗದರ್ಶನದಲ್ಲಿ ಜ್ಞಾನವಿಕಾಸ ಕಾರ್ಯಕ್ರಮ ಬೆಳೆಯಿತು. ಇದೇ ಗುಂಪುಗಳ ಮೂಲಕ ಗೋಬರ್ ಗ್ಯಾಸ್, ಸೌರದೀಪ, ಸುಧಾರಿತ ಒಲೆಗಳಿಗೆ ಸಾಲ ದೊರೆಯತೊಡಗಿತು. ಒಂದೇ ಬಾರಿಗೆ ಸಾವಿರಾರು ರೂಪಾಯಿ ಕೊಡಲಾರದವನು ವಾರವಾರದ ಕಂತಿನಲ್ಲಿ ತೀರಿಸಬಲ್ಲ. ಸೀಮೆಎಣ್ಣೆಗೂ ಸೌದೆಗೂ ಖರ್ಚಾಗುತ್ತಿದ್ದ ಹಣವೇ ಕಂತಾಯಿತು. ಕಂತು ಮುಗಿದ ಮೇಲೆ ದೀಪ ಅವನದಾಯಿತು. ಈ ಕಾರ್ಯಕ್ಕಾಗಿ ಯೋಜನೆಗೆ 2012ರಲ್ಲಿ ಇಂಗ್ಲೆಂಡಿನ ಆಷ್ಡೆನ್ ಪ್ರಶಸ್ತಿ ದೊರೆಯಿತು. ಬೆಳ್ತಂಗಡಿಯಲ್ಲಿ ಆರಂಭವಾದ ಕೆಲಸ ಮುಂದೆ ಚಿಕ್ಕಮಗಳೂರು ಜಿಲ್ಲೆಯೂ ಸೇರಿದಂತೆ ರಾಜ್ಯದ ಇತರ ಭಾಗಗಳಿಗೆ ಹರಡಿತು.

ಇದೇ ಕಾಲದಲ್ಲಿ, 1995ರಲ್ಲಿ, ಹರೀಶ್ ಹಂದೆಯವರು ಸಹಸಂಸ್ಥಾಪಕರಾಗಿ ಆರಂಭಿಸಿದ ಸೆಲ್ಕೊ ಸಂಸ್ಥೆ ಮನೆಬಾಗಿಲಿಗೆ ಹೋಗಿ ಸೌರದೀಪ ಹಾಕಿ, ಕೆಟ್ಟರೆ ಬಂದು ಸರಿಪಡಿಸುವ ಪದ್ಧತಿಯನ್ನು ತಂದಿತು. ಮಲಪ್ರಭಾ ಗ್ರಾಮೀಣ ಬ್ಯಾಂಕಿನಂತಹ ಬ್ಯಾಂಕುಗಳು ಸೌರದೀಪಕ್ಕೂ ಸಾಲ ಕೊಡಬಹುದೆಂದು ಕಂಡುಕೊಂಡವು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ವಿಭಾಗದ ನೆರವಿನಿಂದ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳು ನಡೆಸಿದ ಸಾಲ ಯೋಜನೆಯಿಂದ ಕೆಲವೇ ವರ್ಷಗಳಲ್ಲಿ ಸುಮಾರು 19 ಸಾವಿರ ಮನೆಗಳಿಗೆ ಸೌರದೀಪ ಬಂದಿತು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಬಡವರು ಸಾಲ ತೀರಿಸುವುದಿಲ್ಲ, ಬಡವರಿಗೆ ಯಂತ್ರ ನೋಡಿಕೊಳ್ಳಲು ಬರುವುದಿಲ್ಲ ಎಂಬ ಎರಡು ನಂಬಿಕೆಗಳು ಸುಳ್ಳೆಂದು ಕನ್ನಡನಾಡು ತೋರಿಸಿತು. ಆದರೂ ಸಾಲವು ಸಾಲವೇ. ದೀಪಕ್ಕೆಂದು ಪಡೆದುದು ದೀಪಕ್ಕೇ ಸಲ್ಲಬೇಕು, ಮನೆಯ ವರಮಾನಕ್ಕೆ ಮೀರಬಾರದು ಎಂಬ ಎಚ್ಚರ ಕೊಡುವವನಿಗೂ ಪಡೆಯುವವನಿಗೂ ಅಗತ್ಯ.

ಶುದ್ಧವೆಂದರೆ ನಿರ್ದೋಷವೇ?

ಇಲ್ಲಿಯವರೆಗಿನ ಕಥೆ ಉತ್ಸಾಹ ಕೊಡುವಂಥದು. ಆದರೆ ಸೂರ್ಯನ ಬೆಳಕಿನಿಂದ ಬಂದುದೆಲ್ಲ ನಿರ್ದೋಷವೆಂದು ಭಾವಿಸುವುದು ಸರಿಯಲ್ಲ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೌರ ಪಾರ್ಕು ಎದ್ದಿತು, 2018ರಲ್ಲಿ ಉದ್ಘಾಟನೆಯಾಯಿತು. ಅಲ್ಲಿ ರೈತರ ಭೂಮಿಯನ್ನು ಕೊಳ್ಳದೆ ಗುತ್ತಿಗೆಗೆ ಪಡೆದುದು ಮೆಚ್ಚಬೇಕಾದ ಕ್ರಮ. ಮಳೆಯಿಲ್ಲದ ಹೊಲದಿಂದ ವರ್ಷವರ್ಷವೂ ಬಾಡಿಗೆ ಬಂದಿತು. ಆದರೆ ಭೂಮಿ ಇದ್ದವನಿಗೆ ಮಾತ್ರ ಬಾಡಿಗೆ. ಆ ಹೊಲದಲ್ಲಿ ಕೂಲಿ ಮಾಡುತ್ತಿದ್ದವನಿಗೂ, ಅಲ್ಲಿ ಕುರಿ ಮೇಯಿಸುತ್ತಿದ್ದವನಿಗೂ ಗುತ್ತಿಗೆ ಪತ್ರದಲ್ಲಿ ಹೆಸರಿಲ್ಲ.

ಕಡೂರು ಸೀಮೆಗೆ ಈ ಮಾತು ಹತ್ತಿರದ್ದು. ಮೈಸೂರು ಅರಸರ ಕಾಲದ ಅಮೃತಮಹಲ್ ಕಾವಲುಗಳು ಈ ಬಯಲಿನ ಉದ್ದಕ್ಕೂ ಹರಡಿದ್ದವು. ಅಜ್ಜಂಪುರದಲ್ಲಿ ಇಂದಿಗೂ ಆ ತಳಿಯ ಸಂವರ್ಧನಾ ಕೇಂದ್ರವಿದೆ. ನೋಡುವವರಿಗೆ ಕಾವಲು ಖಾಲಿ ಬಯಲಿನಂತೆ ಕಾಣುತ್ತದೆ. ಹುಲ್ಲು, ಕೃಷ್ಣಮೃಗ, ನೆಲದಲ್ಲಿ ಗೂಡುಕಟ್ಟುವ ಹಕ್ಕಿ, ದನಗಾಹಿ ಇವರೆಲ್ಲರ ಮನೆ ಅದು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಕಾವಲು ಭೂಮಿಯನ್ನು ವಿಜ್ಞಾನ ಸಂಸ್ಥೆಗಳಿಗೂ ಸೌರ ಉದ್ಯಮಕ್ಕೂ ಹಂಚಿದಾಗ ಸುತ್ತಲಿನ ಹಳ್ಳಿಗಳು ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಬೇಕಾಯಿತು. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲು 2011ರಲ್ಲಿ ಸಂರಕ್ಷಣಾ ಮೀಸಲಾಗಿ ಘೋಷಿತವಾದುದು ಇಂತಹ ನೆಲಕ್ಕೂ ಕಾಪಾಡುವವರಿದ್ದಾರೆ ಎಂಬುದಕ್ಕೆ ಸಾಕ್ಷಿ. ಮನೆಯ ಮಾಡಿನ ಮೇಲೆ, ಬಸದಿಯ ಪ್ರಾಕಾರದ ಕಟ್ಟಡಗಳ ಮೇಲೆ, ಕಲ್ಯಾಣ ಮಂಟಪದ ಮೇಲೆ ಬಿಸಿಲು ಪುಕ್ಕಟೆ ಬೀಳುತ್ತಿರುವಾಗ ಕೃಷ್ಣಮೃಗದ ಬಯಲನ್ನು ಏಕೆ ಕೇಳಬೇಕು? 2024ರ ಫೆಬ್ರವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯು 3 ಕಿಲೋವ್ಯಾಟಿನ ಮನೆಮಾಡಿನ ಘಟಕಕ್ಕೆ 78 ಸಾವಿರ ರೂಪಾಯಿ ಸಹಾಯಧನವನ್ನು ಗೊತ್ತುಪಡಿಸಿದ್ದು ಈ ದಿಕ್ಕಿನಲ್ಲಿ ಸರಿಯಾದ ಹೆಜ್ಜೆ.

ಪುಕ್ಕಟೆ ದೀಪ ಮತ್ತು ಪರಿಮಾಣ ವ್ರತ

2023ರಲ್ಲಿ ಕರ್ನಾಟಕದಲ್ಲಿ ಗೃಹಜ್ಯೋತಿ ಯೋಜನೆ ಜಾರಿಗೆ ಬಂದು, ತಿಂಗಳಿಗೆ 200 ಯೂನಿಟ್ಟಿನ ಮಿತಿಯೊಳಗೆ ಮನೆಗಳಿಗೆ ವಿದ್ಯುತ್ ಉಚಿತವಾಯಿತು. ಬಡ ಕುಟುಂಬಕ್ಕೆ ಇದು ದೊಡ್ಡ ನೆಮ್ಮದಿ. ಆ ಯೋಜನೆಯನ್ನು ರೂಪಿಸಿದವರು ಒಂದು ಜಾಣತನ ತೋರಿದರು: ಪ್ರತಿ ಮನೆಯ ಹಿಂದಿನ ವರ್ಷದ ಸರಾಸರಿ ಬಳಕೆಗೆ ಶೇಕಡ 10 ಸೇರಿಸಿ, ಅಷ್ಟನ್ನೇ ಆ ಮನೆಯ ಉಚಿತ ಮಿತಿಯೆಂದು ಆರಂಭದಲ್ಲಿ ಗೊತ್ತುಮಾಡಿದರು. ಪುಕ್ಕಟೆಯಾದುದಕ್ಕೂ ಪರಿಮಾಣ ಬೇಕೆಂಬ ಮಾತನ್ನು ಸರ್ಕಾರವೂ ಒಪ್ಪಿದಂತಾಯಿತು.

ಆದರೆ ಬಿಲ್ಲು ಬಾರದ ಮನೆಯಲ್ಲಿ ಮೀಟರನ್ನು ಯಾರು ನೋಡುತ್ತಾರೆ? ನಿಜವಾದ ಪರೀಕ್ಷೆ ಇಲ್ಲಿದೆ. ಬೆಲೆಯ ಭಯದಿಂದ ದೀಪ ಆರಿಸುವವನು ಮಿತವ್ಯಯಿ. ಬೆಲೆಯಿಲ್ಲದಾಗಲೂ ಆರಿಸುವವನು ವ್ರತಿ. ಆ ಯೂನಿಟ್ಟಿನ ಬೆಲೆಯನ್ನು ಸರ್ಕಾರ ತೆತ್ತರೂ, ಕಲ್ಲಿದ್ದಲು ಉರಿದ ಊರಿನ ಗಾಳಿಯೂ, ನದಿ ಬತ್ತಿದ ಕಣಿವೆಯೂ ತೆರುವ ಬೆಲೆ ಮನ್ನಾ ಆಗುವುದಿಲ್ಲ.

ಇನ್ನು ಲೆಕ್ಕ ನೋಡೋಣ. 60 ವ್ಯಾಟಿನ ಹಳೆಯ ಬಲ್ಬು ದಿನಕ್ಕೆ 5 ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್. ಅಷ್ಟೇ ಬೆಳಕು ಕೊಡುವ 9 ವ್ಯಾಟಿನ ಎಲ್‌ಇಡಿಗೆ 1.35 ಯೂನಿಟ್ ಸಾಕು. 2 ಕಿಲೋವ್ಯಾಟಿನ ಗೀಸರ್ ದಿನಕ್ಕೊಂದು ಗಂಟೆ ಓಡಿದರೆ ತಿಂಗಳಿಗೆ 60 ಯೂನಿಟ್. ಮಾಡಿನ ಮೇಲಿನ ಸೌರ ಹಂಡೆ ಬಿಸಿಲಿನ ದಿನಗಳಲ್ಲಿ ಅದನ್ನೆಲ್ಲ ಉಳಿಸುತ್ತದೆ. ನಾಲ್ಕೈದು ದನವಿರುವ ಮನೆಯಲ್ಲಿ ದಿನಕ್ಕೆ 50 ಕಿಲೋ ಸಗಣಿ ದೊರೆತರೆ 2 ಘನ ಮೀಟರಿನ ಸ್ಥಾವರ ನಡೆಯುತ್ತದೆ; ಅದು ತಿಂಗಳಿಗೆ ಒಂದೂವರೆ ಸಿಲಿಂಡರಿಗೂ ಮಿಗಿಲಾದ ಅನಿಲಕ್ಕೆ ಸಮ, ಗೊಬ್ಬರ ಬೇರೆ. ತೆಂಗಿನ ತೋಟವಿರುವ ಬಯಲಿನ ಮನೆಗೆ ಇವೆರಡೂ ಲಾಭ.

ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಪದ್ಧತಿಯನ್ನು ಪಾಲಿಸುವ ಮನೆಗಳಲ್ಲಿ ರಾತ್ರಿಯ ಒಲೆ, ರಾತ್ರಿಯ ಅಡುಗೆಮನೆಯ ದೀಪ ಎರಡೂ ತಾವಾಗಿಯೇ ಇಲ್ಲವಾಗುತ್ತವೆ. ಹಿರಿಯರು ಯೂನಿಟ್ಟಿನ ಲೆಕ್ಕದಿಂದ ಇದನ್ನು ಮಾಡಲಿಲ್ಲ, ಜೀವದಯೆಯಿಂದ ಮಾಡಿದರು. ಉಳಿತಾಯ ಅದರ ಹಿಂದೆ ಬಂದಿತು. ಇಂದಿನ ಪೀಳಿಗೆಗೆ ಉಳಿತಾಯದ ಲೆಕ್ಕ ಮೊದಲು ಅರ್ಥವಾಗಿ, ದಯೆ ಅದರ ಹಿಂದೆ ಬಂದರೂ ಆಕ್ಷೇಪವಿಲ್ಲ. ಯಾವ ಬಾಗಿಲಿನಿಂದ ಬಂದರೂ ಬಸದಿಯೊಳಗೆ ಬಂದಂತೆಯೇ.

ಟ್ರಸ್ಟುಗಳ ಹೊಣೆ

ಪುರದ ಗ್ರಾಮ ಸಭೆಯಿಂದ ಬಸದಿಗಳ ಟ್ರಸ್ಟುಗಳು ಕಲಿಯಬೇಕಾದುದು ಮೂರು ಸಂಗತಿಗಳು. ಮೊದಲನೆಯದು, ಎಣಿಸದೆ ಆರಂಭಿಸಬಾರದು. ವರ್ಷದ ಜಮಾಖರ್ಚಿನ ಪಟ್ಟಿಯಲ್ಲಿ ವಿದ್ಯುತ್ತಿಗೆ ಕೊಟ್ಟ ರೂಪಾಯಿ ಇರುತ್ತದೆ, ಬಳಸಿದ ಯೂನಿಟ್ ಇರುವುದಿಲ್ಲ. ಅನಿಲದ ಸಿಲಿಂಡರ್, ಜನರೇಟರಿನ ಡೀಸೆಲ್, ಪಂಪಿನಿಂದ ಎತ್ತಿದ ನೀರು ಇವುಗಳನ್ನೂ ಒಂದೊಂದು ಅಂಕಣದಲ್ಲಿ ಬರೆದು ವಾರ್ಷಿಕ ಸಭೆಯಲ್ಲಿ ಓದಿದರೆ ಅರ್ಧ ಕೆಲಸ ಮುಗಿದಂತೆ. ಎರಡನೆಯದು, ಸೋತಾಗ ಮುಚ್ಚಿಡಬಾರದು. ಉದ್ಘಾಟನೆಯ ಕಲ್ಲು ಹೊಳೆಯುತ್ತಿದ್ದು, ಬ್ಯಾಟರಿ ಸತ್ತ ಸೌರದೀಪದ ಕಂಬಗಳು ನಾಡಿನಲ್ಲಿ ಬೇಕಾದಷ್ಟಿವೆ. ದಾನಿಯ ಹೆಸರಿಗಿಂತ ಮುಂದಿನ ಐದು ವರ್ಷದ ದುರಸ್ತಿಗೆ ಇಟ್ಟ ಹಣವೇ ದೊಡ್ಡ ದಾನ. ಹಳೆಯ ಬ್ಯಾಟರಿಯನ್ನು ಗುಜರಿಯವನಿಗೆ ಎಸೆಯದೆ ತಯಾರಕರಿಗೆ ಹಿಂದಿರುಗಿಸುವುದೂ ಅಹಿಂಸೆಯ ಭಾಗವೇ. ಮೂರನೆಯದು, ಲಾಭವು ಕಡೆಯವನಿಗೂ ತಲುಪಬೇಕು. ಬಸದಿಯ ಶಿಖರಕ್ಕೆ ಸಾಲುದೀಪ ಹಾಕುವ ಮೊದಲು, ಆ ಬಸದಿಯ ಅಂಗಳ ಗುಡಿಸುವ ಕುಟುಂಬದ ಮನೆಯಲ್ಲಿ ಹೊಗೆಯಿಲ್ಲದ ಒಲೆ ಇದೆಯೇ ಎಂದು ನೋಡುವುದು ಧರ್ಮದ ಕ್ರಮ.

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಿಗೆ ಐದನೆಯದೊಂದನ್ನು ಸೇರಿಸುವ ಅಗತ್ಯವಿಲ್ಲ. ಹೊಗೆಯಿಲ್ಲದ ಒಲೆ ಕೊಟ್ಟರೆ ಅದೇ ಔಷಧದಾನ. ಓದುವ ಮಗುವಿಗೆ ದೀಪ ಕೊಟ್ಟರೆ ಅದೇ ಶಾಸ್ತ್ರದಾನ. ಕಡಿಯದೆ ಉಳಿಸಿದ ಮರಕ್ಕೂ, ಅದರಲ್ಲಿನ ಗೂಡಿಗೂ ಕೊಟ್ಟುದು ಅಭಯದಾನ. ಚೌಳಹಿರಿಯೂರಿನಂತಹ ಬಯಲಿನ ಊರುಗಳಲ್ಲಿ ಬಿಸಿಲು ಧಾರಾಳ, ಮರ ಕಡಿಮೆ. ಧಾರಾಳವಾಗಿರುವುದನ್ನು ಬಳಸಿ, ಕಡಿಮೆಯಿರುವುದನ್ನು ಉಳಿಸಿ, ಎರಡಕ್ಕೂ ಲೆಕ್ಕವಿಡುವ ಬುದ್ಧಿ ಆ ನೆಲದ ಜನರಿಗೆ ಹೊಸದೇನಲ್ಲ. ಮುಂದಿನ ದಶಲಕ್ಷಣ ಪರ್ವದಲ್ಲಿ ಸಂಯಮ ಧರ್ಮದ ದಿನದಂದು ಪ್ರತಿ ಮನೆಯೂ ತನ್ನ ಮೀಟರಿನ ಅಂಕೆಯನ್ನು ಒಂದು ಹಾಳೆಯಲ್ಲಿ ಬರೆದಿಟ್ಟು, ಒಂದು ತಿಂಗಳ ನಿಯಮ ತೆಗೆದುಕೊಳ್ಳಲಿ. ತಿಂಗಳು ಕಳೆದ ಮೇಲೆ ಎರಡನೆಯ ಅಂಕೆಯನ್ನು ಅದರ ಕೆಳಗೆ ಬರೆಯಲಿ. ಅಷ್ಟು ಸಣ್ಣ ಆರಂಭವೂ ಅಣುವ್ರತವೇ.